ಲೋಡ್ ಇಳಿಸಿದ ಮೇಲೆ

ಕಾರು ಊರ ಚೌಕಕ್ಕೆ ಬಂದದ್ದೇ ತಡ, ಮತ್ತೆ ಗಕ್ಕನೆ ನಿಂತಿತು. ಪರದೆಯ ಮೇಲಿನ ಊರೆಲ್ಲ ಒಂದು ಕ್ಷಣ ಕಲ್ಲಾಯಿತು. ಏನಾಯಿತು ಎಂದು ನೋಡುವುದರೊಳಗೆ ಕಾರು ಹತ್ತು ಮಾರು ಮುಂದೆ ಜಿಗಿದು, ಯಾರದೋ ಮನೆಯ ಗೋಡೆಗೆ ಮೂತಿ ಒತ್ತಿಕೊಂಡು ಗುರುಗುಟ್ಟುತ್ತಿತ್ತು. ಶಿವಕಾಂತಾ ಹಣೆ ಚಚ್ಚಿಕೊಂಡಳು. ಅಫಜಲಪುರದ ಬಸ್‌ಸ್ಟ್ಯಾಂಡಿನ ಎದುರು, ಗೊಬ್ಬರದ ಅಂಗಡಿಯ ಮಹಡಿಯಲ್ಲಿ ಆಕೆ ಕಂಪ್ಯೂಟರ್ ಕ್ಲಾಸು ತೆರೆದು ನಾಲ್ಕು ತಿಂಗಳಾಗಿತ್ತು. ತೊಂಬತ್ತೊಂಬತ್ತನೇ ಇಸವಿ, ಊರಿಗೆ ಕಂಪ್ಯೂಟರೇ ಹೊಸದು. ಅದರಲ್ಲಿ ಈ ಆಟವಂತೂ ಇನ್ನೂ ಹೊಸದು. ಗೆಲ್ಲುವ ಹಂಗಿಲ್ಲ, ಇಂಥದ್ದೇ ದಾರಿ ಎಂಬ ಕಟ್ಟಿಲ್ಲ, ಇಡೀ ಪಟ್ಟಣವೇ ನಿಮ್ಮದು, ಯಾವ ಓಣಿಗೆ ಬೇಕಾದರೂ ಕಾರು ನುಗ್ಗಿಸಿ. ಆದರೆ ಹಾಳಾದ್ದು ನೆಟ್ಟಗೆ ಓಡಬೇಕಲ್ಲ!

ಮೂರು ದಿನದಿಂದ ಆಕೆ ಮಾಡದ ಉಪಾಯವಿಲ್ಲ. ಸಿ.ಡಿ.ಯನ್ನು ಓಢಣಿಯಿಂದ ಒರೆಸಿದ್ದಾಯಿತು. ಬೇಡದ ಪ್ರೋಗ್ರಾಮುಗಳನ್ನೆಲ್ಲ ಕಿತ್ತುಹಾಕಿದ್ದಾಯಿತು. ತೊಗರಿ ರಾಶಿಯ ಧೂಳು ಕೂತೀತೆಂದು ತಾಯಿ ಅಂಬುಬಾಯಿ ಮಷಿನ್ನಿನ ಡಬ್ಬಿಗೆ ಹೊಲಿದು ತೊಡಿಸಿದ್ದ ಕೌದಿಯ ಅಂಗಿ ಬಿಚ್ಚಿ, ಎದುರಿಗೆ ಟೇಬಲ್ ಫ್ಯಾನ್ ಹಚ್ಚಿದ್ದೂ ಆಯಿತು. ಡಬ್ಬಿ ತಣ್ಣಗಾಯಿತೇ ಹೊರತು ತಡವರಿಕೆ ನಿಲ್ಲಲಿಲ್ಲ. ಬೇರೆಯವರಾಗಿದ್ದರೆ ಸಾಯಲಿ ಅತ್ತ ಎಂದು ಬಿಟ್ಟುಬಿಡುತ್ತಿದ್ದರು. ಶಿವಕಾಂತಾ ಆ ಪೈಕಿ ಅಲ್ಲ. ಯಾಕೆ ಎಂಬುದು ತಿಳಿಯದಿದ್ದರೆ ಆಕೆಗೆ ತಿಂದ ರೊಟ್ಟಿ ಮೈಗೆ ಹತ್ತುವುದಿಲ್ಲ.

ಇವತ್ತು ಅವಸರವೂ ಇತ್ತು. ಕೀಬೋರ್ಡಿನ ಮುಂದೆ ಕೂತಿದ್ದವರು ಯಾಕೂಬಸಾಬರು. ಇಪ್ಪತ್ತೆರಡು ವರ್ಷ ಸರ್ಕಾರಿ ಬಸ್ಸು ಓಡಿಸಿದವರು. ಹೋದ ವರ್ಷ ತಪಾಸಣೆಯಲ್ಲಿ ಎರಡೂ ಕಣ್ಣಿಗೆ ಪೊರೆ ಬಂದಿರುವುದು ಕಂಡು, ಅವರನ್ನು ಸ್ಟಿಯರಿಂಗಿನಿಂದ ಎಬ್ಬಿಸಿ ಬಸ್‌ಸ್ಟ್ಯಾಂಡಿನ ಮೈಕಿನ ಮುಂದೆ ಕೂರಿಸಿದ್ದರು. ಈಗ ಆಪರೇಷನ್ ಆಗಿ ಕಣ್ಣು ನಿಚ್ಚಳವಾಗಿತ್ತು. ಸೋಮವಾರ ಡಿಪೋದಲ್ಲಿ ಬಸ್ಸು ಓಡಿಸಿ ತೋರಿಸಬೇಕು. ಪಾಸಾದರೆ ಮತ್ತೆ ಸ್ಟಿಯರಿಂಗ್, ಇಲ್ಲದಿದ್ದರೆ ರಿಟೈರ್ ಆಗುವ ತನಕ ಮೈಕು. ಕಣ್ಣು ಬಂತು, ಕೈ ಹೋಗಿದ್ದರೆ ಏನು ಮಾಡುವುದು ಎಂದು ಅವರು ಚಹಾದಂಗಡಿಯಲ್ಲಿ ಅಂಜಿಕೊಂಡು ಹೇಳಿದ್ದನ್ನು ಕೇಳಿ, ಈ ಆಟದಲ್ಲಿ ಕೈ ನೋಡಿಕೊಳ್ಳಲಿ ಎಂದು ಶಿವಕಾಂತಾಳೇ ಕರೆದುಕೊಂಡು ಬಂದಿದ್ದಳು. ಹೋದ ವರ್ಷದ ತನಕ, ಗುಲ್ಬರ್ಗಾದಲ್ಲಿ ಕಲಿಯುವಾಗ, ಎರಡು ವರ್ಷ ಅವರ ಬಸ್ಸಿನಲ್ಲೇ ಓಡಾಡಿದವಳು ಆಕೆ. ಅಂಥ ಡ್ರೈವರ್ ಜಿಲ್ಲೆಯಲ್ಲೇ ಇಲ್ಲ ಎಂದು ಮನೆಮಂದಿಯ ಮುಂದೆ ಎಷ್ಟು ಸಲ ಹೊಗಳಿದ್ದಳೋ.

ಯಾಕೂಬಸಾಬರು ಕಾರನ್ನು ಗೋಡೆಯಿಂದ ಬಿಡಿಸಿ ಊರ ಹೊರಗೆ ಒಯ್ದರು, ತಿರುಗಿ ಚೌಕಕ್ಕೆ ತಂದರು. ಮತ್ತೆ ಅದೇ ಗತಿ. ಇನ್ನೊಮ್ಮೆ ಮಾಡುವಾಗ ಪರದೆ ನೋಡುವುದನ್ನೇ ಬಿಟ್ಟು, ಬಸ್ಸಿನ ಬಾನೆಟ್ಟಿಗೆ ಇಡುವಂತೆ ಡಬ್ಬಿಯ ಮೇಲೆ ಅಂಗೈ ಇಟ್ಟು ಕಿವಿಗೊಟ್ಟರು.

"ಖಾಲಿ ರೋಡಿನಾಗ ಛಲೋ ಓಡ್ತದ ಬೇಟಿ. ಊರು ಕಂಡಕೂಡ್ಲೆ ಒಳಗ ಗರಗರ ಅಂತದ, ಆಮ್ಯಾಲೆ ನಿಲ್ತದ. ಇದಕ್ಕ ಏನೂ ಬ್ಯಾನಿ ಇಲ್ಲ. ಲೋಡ್ ಹೆಚ್ಚಾಗ್ಯಾದ, ಇಳಸು."

ಶಿವಕಾಂತಾಳಿಗೆ ತಟ್ಟನೆ ಹೊಳೆಯಿತು. ಹೌದಲ್ಲ! ಹತ್ತಿರದ ಓಣಿಯ ಜೊತೆಗೆ ದೂರದ ಮನೆ, ಗಿಡ, ಗೋಪುರ ಎಲ್ಲವನ್ನೂ ಈ ಬಡಪಾಯಿ ಮಷಿನ್ನು ಒಮ್ಮೆಗೇ ಬಿಡಿಸಬೇಕು. ಅದಕ್ಕಿರುವ ಮೆಮೊರಿಯೋ ಬರೀ ಮೂವತ್ತೆರಡು ಎಂ.ಬಿ. ದಮ್ಮು ಹತ್ತದೆ ಇನ್ನೇನಾದೀತು? ಆಕೆ ಆಟದ ಸೆಟ್ಟಿಂಗಿಗೆ ಹೋಗಿ, ಎಷ್ಟು ದೂರ ಕಾಣಬೇಕು ಎಂಬ ಗೀಟನ್ನು ಪೂರಾ ಕೆಳಕ್ಕೆ ಎಳೆದಳು. ದೂರದ್ದೆಲ್ಲ ಬೆಳ್ಳನೆಯ ಮಂಜಿನಲ್ಲಿ ಮುಳುಗಿಹೋಯಿತು. ಕಾರಿನ ಮುಂದೆ ಇಪ್ಪತ್ತು ಹೆಜ್ಜೆಯ ರಸ್ತೆ ಮಾತ್ರ ಉಳಿಯಿತು. ಆದರೆ ಓಟವೆಂದರೆ ಓಟ! ಚೌಕ, ಬಜಾರು, ಸೇತುವೆ, ಎಲ್ಲಿಯೂ ಒಂದು ಅಟಕಾವಿಲ್ಲ, ತಡೆಯಿಲ್ಲ. ಮೂರು ದಿನದ ಹಟ ಗೆದ್ದ ಖುಷಿಗೆ ಆಕೆ ಕುಣಿಯುವುದೊಂದು ಬಾಕಿ.

ತಾನೇ ಒಂದು ಸುತ್ತು ಹೊಡೆದು ನೋಡಿದಳು. ಎರಡನೇ ತಿರುವಿನಲ್ಲೇ ಮಂಜಿನೊಳಗಿಂದ ಎದ್ದು ಬಂದ ಕಂಬಕ್ಕೆ ಗುದ್ದಿದಳು. ನಗುತ್ತ ಕೀಬೋರ್ಡನ್ನು ಯಾಕೂಬಸಾಬರ ಕಡೆ ಸರಿಸಿದಳು. ಅವರು ಮುಂದಕ್ಕೆ ಬಗ್ಗಲಿಲ್ಲ, ಕಣ್ಣು ಕಿರಿದು ಮಾಡಲಿಲ್ಲ. ಕುರ್ಚಿಗೆ ಬೆನ್ನು ಒರಗಿಸಿ ಆರಾಮಾಗಿ ಕೂತು, ಕಂಬ, ಬಂಡಿ, ಎದುರು ಬಂದ ಲಾರಿ ಯಾವುದಕ್ಕೂ ಸೋಕದೆ ಊರು ದಾಟಿಸಿದರು. ಕೈ ಹೋಗಿಲ್ಲ ಎಂದು ಅವರ ಮುಖ ಅರಳಿತು. ಶಿವಕಾಂತಾಳಿಗೆ ಮಾತ್ರ ಹೊಸದೊಂದು 'ಯಾಕೆ' ಗಂಟುಬಿತ್ತು.

"ಮುಂದ ಏನೂ ಕಾಣವಲ್ದಲ್ಲ, ಹೆಂಗ ಹೊಡೀಲಿಕತ್ತೀರಿ ಕಾಕಾ?"

"ಆದತ್ ಆಗ್ಯಾದ, ರೂಢಿ," ಎಂದರು ಅವರು, ಇನ್ನೂ ಅದೇ ಖುಷಿಯಲ್ಲಿ. "ಸ್ಟಿಯರಿಂಗ್ ಬಿಡಸೋಕಿಂತ ಮೊದಲ, ಎಂಟು ತಿಂಗಳು ಹಿಂಗೇ ಮಂಜಿನಾಗ ಓಡಸೀನಿ. ಯಾರ ಮುಂದೂ ಹೇಳಿದ್ದಿಲ್ಲ. ಹೇಳಿದ್ರ ಅವತ್ತೇ ಇಳಸ್ತಿದ್ರು."

ಶಿವಕಾಂತಾ ಮನಸ್ಸಿನಲ್ಲೇ ತಿಂಗಳುಗಳನ್ನು ಹಿಂದಕ್ಕೆ ಎಣಿಸಿದಳು. ಯಾವ ಬಸ್ಸು ಎಂದು ಕೇಳಬಾರದು ಎಂದುಕೊಂಡಳು. ಕೇಳಿಯೇಬಿಟ್ಟಳು.

"ಮುಂಜಾನಿ ಏಳರ ಗುಲ್ಬರ್ಗಾ ಬಸ್ಸು," ಎಂದರು ಯಾಕೂಬಸಾಬರು, ಪರದೆಯಿಂದ ಕಣ್ಣು ತೆಗೆಯದೆ. "ನೀ ನನ್ನ ಹಿಂದಿನ ಸೀಟಿನಾಗೇ ಕುಂದರ್ತಿದ್ದಿ. ಮೊದಲ ಮೊದಲ ಕನ್ನಡ್ಯಾಗ ಕಾಣ್ತಿದ್ದಿ. ಆಮ್ಯಾಲೆ ಬರೇ ನಿನ್ನ ದನಿ ಕೇಳಸ್ತಿತ್ತು."