ಗೆದ್ದವರ ಏಣಿ

ಪಂದ್ಯದ ಕೊನೆಯ ಗಂಟೆ ಹೊಡೆದ ಕೂಡಲೇ ಕೋಚ್ ವೆರ್ನನ್ ಕೋಟಿನ ಜೇಬಿಗೆ ಕೈ ಹಾಕಿ, ಕತ್ತರಿ ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಿಕೊಂಡ. ಇತ್ತು. ಅವನ ಕಾಲೇಜು ತಂಡದ ಹುಡುಗಿಯರು ಗೆದ್ದಿದ್ದರು, ಬ್ಯಾಸ್ಕೆಟ್‌ಬಾಲ್ ಲೀಗಿಗೇ ಮೊದಲು ಬಂದಿದ್ದರು. ಆಗ ಎದ್ದ ಕೂಗಿಗೆ ಕಾನ್ಸಸ್ ಸೀಮೆಯ ಉಗ್ರಾಣಗಳಲ್ಲಿದ್ದ ಮುಸುಕಿನ ಜೋಳವೆಲ್ಲ ಕೂತಲ್ಲೇ ಸಿಡಿದು ಅರಳಾಗಬೇಕಿತ್ತು. ಲೀಗಿನ ಯಜಮಾನ ಪ್ರುಯಿಟ್ ಪಕ್ಕದ ಬಾಗಿಲಿನಿಂದ ಏಣಿ ಹೊರಿಸಿಕೊಂಡು ಒಳಗೆ ಬಂದ. ಬಂದವನು ಏಣಿಯನ್ನು ನೀಲಿ ಅಂಗಿಯವರ ಮುಂದೆ ಇಡಿಸಿದ. ನೀಲಿ ಅಂಗಿಯವರು ಆಗ ತಾನೇ ಸೋತವರು.

"ಪ್ರುಯಿಟ್, ಗೆದ್ದೋರು ಈ ಕಡೆ ಇದಾರೆ ಕಣಯ್ಯಾ," ಎಂದ ವೆರ್ನನ್.

"ನಂಗೂ ಕಣ್ಣಿದೆ ವೆರ್ನ್. ಆದ್ರೆ ನಿಮ್ಮೋರಿಗೆ ಈ ವರ್ಷ ಟೂರ್ನಿ ಇಲ್ಲ, ಚಾಂಪಿಯನ್ ಪಟ್ಟಾನೂ ಇಲ್ಲ. ಎರಡನೇ ಸ್ಥಾನದೋರಿಗೇ ಪಟ್ಟ. ಪಟ್ಟ ಯಾರ್ದೋ, ಬಲೇನೂ ಅವರ್ದೇ."

ಪಟ್ಟ ಗೆದ್ದವರು ಏಣಿ ಹತ್ತಿ ಚೆಂಡು ಹಾಕುವ ಬುಟ್ಟಿಯ ಬಲೆ ಕತ್ತರಿಸಿಕೊಂಡು, ಆಳಿಗೊಂದು ಎಳೆ ಮನೆಗೆ ಒಯ್ಯುವುದು ಅಲ್ಲಿಯ ವಾಡಿಕೆ. ವೆರ್ನನ್ ಈ ಬಲೆಯ ಮೇಲೆ ಮಾತು ಕೊಟ್ಟಿದ್ದ. ಐದು ವರ್ಷದ ಹಿಂದೆ ಆಗಿನ ಕೋಚ್ ರಾಂಡಲ್, ತರಗತಿಯ ಮುಖ ನೋಡದ ಇಬ್ಬರು ಆಟಗಾರ್ತಿಯರ ಪರೀಕ್ಷೆಯನ್ನು ಬೇರೆಯವರಿಂದ ಬರೆಸಿ ಅವರನ್ನು ಆಡಿಸಿದ್ದ. ಹೋದ ವರ್ಷ ಅದು ಬಯಲಾಗುವ ಹೊತ್ತಿಗೆ ಆ ಇಬ್ಬರೂ ಕಾಲೇಜು ಮುಗಿಸಿ ಹೋಗಿದ್ದರು. ರಾಂಡಲ್ ದೊಡ್ಡ ಕಾಲೇಜಿನ ದೊಡ್ಡ ಸಂಬಳಕ್ಕೆ ಹಾರಿದ. ಹಾರಿದ ರಭಸಕ್ಕೆ ಅವನ ಟೋಪಿ ಒಂದು ವಾರ ತಡವಾಗಿ ಅಲ್ಲಿಗೆ ತಲುಪಿತಂತೆ. ಖಾಲಿ ಕುರ್ಚಿಯಲ್ಲಿ ವೆರ್ನನ್‌ನನ್ನು ಕೂರಿಸಿದರು. ಶಿಕ್ಷೆ ಆಮೇಲೆ ಬಂತು: ಲೀಗ್ ಮುಗಿದ ಮೇಲಿನ ದೊಡ್ಡ ಟೂರ್ನಿಗೆ ಈ ವರ್ಷ ಅವರ ತಂಡ ಹೋಗುವಂತಿಲ್ಲ. ನಾಯಕಿ ಜೊಲೀನ್‌ಗೆ ಬೇರೆ ಕಾಲೇಜುಗಳಿಂದ ಕರೆ ಬಂದಾಗ ಇವನೇ ತಡೆದಿದ್ದ. "ಇದ್ಬಿಡಮ್ಮ. ಟೂರ್ನಿ ಹೋದ್ರೆ ಹೋಗ್ಲಿ. ಮೊದಲು ಬಂದ್ರೆ ಬಲೆ ನಿಂದು, ಏಣಿ ನಾನೇ ಹಿಡೀತೀನಿ." ಅವಳು ಇದ್ದಳು. ಇದು ಅವಳಿಗೆ ಕಾಲೇಜಿನ ಕೊನೆಯ ವರ್ಷ, ಕೊನೆಯ ಪಂದ್ಯ. ಅಂದು ಬೆಳಿಗ್ಗೆ ವೆರ್ನನ್ ಹೊಸ ಕತ್ತರಿ ತೋರಿಸಿದಾಗ, "ಅಯ್ಯೋ ಕೋಚ್, ಕುರಿ ಉಣ್ಣೆ ತೆಗೆಯೋಕೆ ತಂದ್ರಾ?" ಎಂದು ನಕ್ಕಿದ್ದಳು.

"ತಪ್ಪು ಮಾಡಿದ್ದು ರಾಂಡಲ್," ಎಂದ ವೆರ್ನನ್. "ಆವಾಗ ಈ ಜೊಲೀನ್ ಇನ್ನೂ ಹೈಸ್ಕೂಲಲ್ಲಿದ್ಲು. ಅವನನ್ನ ಹಿಡೀರಿ."

"ಅವನೀಗ ನಮ್ಮ ಲೀಗಲ್ಲೇ ಇಲ್ವಲ್ಲ. ಇಲ್ದೋನ ಹಿಡಿಯೋದು ಹೆಂಗೆ?"

"ಹಂಗಾದ್ರೆ ಕಿಟಕಿ ಒಡ್ದೋನು ಓಡ್ಹೋದ, ಚೆಂಡು ಹುಡ್ಕೋಕೆ ಬಂದೋಳ ಕಿವಿ ಹಿಂಡ್ತೀರ."

"ಯಾರ ಕಿವೀನಾದ್ರೂ ಹಿಂಡ್ಲೇಬೇಕಲ್ಲ ಮಾರಾಯ, ಕಿಟಕಿ ಒಡ್ದಿರೋದಂತೂ ನಿಜ." ಪ್ರುಯಿಟ್ ಕಣ್ಣು ಉಜ್ಜಿಕೊಂಡ. ಇದೇ ಮಾತನ್ನು ಊರೂರಿನಲ್ಲಿ ಹೇಳಿ ಅವನಿಗೂ ಸಾಕಾಗಿತ್ತು. "ಅದಿರ್ಲಿ, ಬರೋ ಗಡಿಬಿಡೀಲಿ ಕತ್ತರಿ ಮರೆತು ಬಂದಿದೀನಿ. ನಿನ್ನ ಹತ್ರ ಇದ್ಯಾ?"

ಜೇಬಿನೊಳಗೆ ವೆರ್ನನ್‌ನ ಬೆರಳುಗಳು ಕತ್ತರಿಯ ಮೇಲೆ ಬಿಗಿಯಾದವು. "ಇಲ್ಲ."

ಕೊನೆಗೆ ಔಷಧಿ ಪೆಟ್ಟಿಗೆಯಿಂದ ಬ್ಯಾಂಡೇಜು ಕತ್ತರಿಸುವ ಒಂದು ಮೊಂಡು ಕತ್ತರಿ ಸಿಕ್ಕಿತು. ನೀಲಿ ಅಂಗಿಯವರ ನಾಯಕಿ ಟಮಾರಾ ಏಣಿ ಹತ್ತಿದಳು. ಆ ಏಣಿಗೆ ಕಾಲೇಜಿಗಿಂತ ಹೆಚ್ಚು ವಯಸ್ಸು, ಒಂದು ಕಾಲು ಗಿಡ್ಡ. ಮೇಲೆ ಪಾರಿವಾಳ ಕೂತರೂ ತಲೆ ತಿರುಗಿ ಬೀಳಬೇಕು. ಅದು ಅಲ್ಲಾಡತೊಡಗಿತು. ಟಮಾರಾಳ ಜೊತೆಗಾರ್ತಿಯರು ನಾಚಿಕೆಗೆ ಗೋಡೆಗಂಟಿಕೊಂಡೇ ನಿಂತಿದ್ದರು. ಜೊಲೀನ್ ಬೆವರಿದ ಅಂಗಿಯಲ್ಲೇ ನಡೆದು ಬಂದು ಏಣಿಯನ್ನು ಎರಡೂ ಕೈಯಲ್ಲಿ ಹಿಡಿದಳು.

"ನೀನ್ಯಾಕೆ ಹಿಡೀತೀಯೇ?" ಮೇಲಿನಿಂದ ಟಮಾರಾ.

"ನೀನು ಬಿದ್ದು ಕಾಲು ಮುರ್ಕೊಂಡ್ರೆ ಟೂರ್ನಿಗೆ ಯಾರು ಹೋಗ್ತಾರೆ? ನಾನಂತೂ ಹೋಗಂಗಿಲ್ಲ. ಕತ್ತರಿಸು, ಕತ್ತರಿಸು."

ಕತ್ತರಿ ಎಳೆಯನ್ನು ಜಗಿಯಿತೇ ಹೊರತು ಕತ್ತರಿಸಲಿಲ್ಲ. ಟಮಾರಾ ಕೈ ಬದಲಿಸಿದಳು, ಗರಗಸದ ಹಾಗೆ ಉಜ್ಜಿದಳು. ವಾದ್ಯದವರು ಕಹಳೆಗಳನ್ನು ಪೆಟ್ಟಿಗೆಗೆ ಹಾಕಿಕೊಂಡರು. ಜನ ಕೋಟು ತೊಟ್ಟು ಒಬ್ಬೊಬ್ಬರೇ ಜಾರಿಕೊಂಡರು.

"ಬಿಟ್ಬಿಡ್ಲಾ ಸಾರ್?" ಟಮಾರಾ ಕೇಳಿದಳು. "ಹೆಂಗಿದ್ರೂ ನಾವು ಗೆದ್ದಿಲ್ಲ."

"ಒಂದೆಳೆನಾದ್ರೂ ಕತ್ತರಿಸಮ್ಮ," ಪ್ರುಯಿಟ್ ಗೋಗರೆದ. "ಫೋಟೋ ತೆಗೀಬೇಕು. ಬರಿಗೈಯಲ್ಲಿ ಇಳಿಯೋ ಹಂಗಿಲ್ಲ."

ವೆರ್ನನ್ ಕದಲಲಿಲ್ಲ. ಜೇಬಿನಲ್ಲಿದ್ದ ಹೊಸ ಕತ್ತರಿ ಅಂಗೈ ಶಾಖಕ್ಕೆ ಬೆಚ್ಚಗಾಗಿತ್ತು. ಉಜ್ಜಲಿ, ಬೆಳಗಾಗುವ ತನಕ ಉಜ್ಜುತ್ತಿರಲಿ. ಇಡೀ ವರ್ಷದಲ್ಲಿ ಅವನ ಕೈಗೆ ದಕ್ಕಿದ ನ್ಯಾಯ ಇಷ್ಟೇ. ಅದನ್ನು ಯಾಕೆ ಬಿಟ್ಟುಕೊಡಬೇಕು? ಏಣಿ ಇನ್ನೊಮ್ಮೆ ವಾಲಿತು. ಜೊಲೀನ್ ಭುಜ ಕೊಟ್ಟು ಅದನ್ನು ನೆಟ್ಟಗೆ ಮಾಡಿದಳು. ಇಡೀ ಪಂದ್ಯ ಆಡಿದ ತೋಳುಗಳು ಈಗ ಏಣಿಯ ಭಾರ ಹೊತ್ತಿದ್ದವು.

ಅವಳು ಇತ್ತ ತಿರುಗಿ ಕೂಡ ನೋಡಲಿಲ್ಲ.

"ಕೋಚ್, ಜೇಬಲ್ಲಿರೋದನ್ನ ಕೊಟ್ಬಿಡಿ. ಅವಳು ಉಜ್ಜೋಷ್ಟು ಹೊತ್ತೂ ಏಣಿ ಹಿಡ್ಕೊಂಡಿರೋಳು ನಾನು."