ಕೆಳಮನೆಗೆ ಕೇಳಿಸುವಂಥ ಜಗಳ

“ಜೋರಾಗಿ ಬೈರಿ. ಇಷ್ಟು ಮೆತ್ತಗೆ ಬೈದ್ರೆ ಕೆಳಗಡೆ ಓನರಮ್ಮಂಗೆ ಹೇಗೆ ಕೇಳಿಸುತ್ತೆ?” ನರ್ಸು ಪಿಸುಗುಟ್ಟಿದಳು. ಅವಳ ಪೆಟ್ಟಿಗೆ ಆಗಲೇ ಬಾಗಿಲ ಬಳಿ ಸಿದ್ಧವಾಗಿತ್ತು.

“ಬೈಯೋಕೆ ಕೋಪ ಬರಬೇಕಲ್ಲ? ನೀವೇ ಶುರು ಮಾಡಿಬಿಡಿ,” ಎಂದ ಹೊಲಿಗೆ ಮೆಷಿನ್ ರಿಪೇರಿಯವನು. ಅವನಿಗೆ ಬೈದು ಗೊತ್ತಿದ್ದದ್ದು ತುಕ್ಕು ಹಿಡಿದ ಸ್ಕ್ರೂಗಳಿಗೆ ಮಾತ್ರ.

ಈ ಮಹಡಿ ಮನೆ ಗಂಡ ಹೆಂಡತಿಗೆ ಬಿಟ್ಟು ಬೇರೆ ಯಾರಿಗೂ ಇಲ್ಲ ಎಂದು ಓನರಮ್ಮ ಖಡಾಖಂಡಿತವಾಗಿ ಹೇಳಿದ್ದಕ್ಕೆ, ಮನೆ ಹುಡುಕಿ ಹುಡುಕಿ ಚಪ್ಪಲಿ ಸವೆಸಿದ್ದ ಇಬ್ಬರೂ ಅವಳ ಎದುರು ಗಂಡ ಹೆಂಡತಿ ಆಗಿಬಿಟ್ಟಿದ್ದರು. ನರ್ಸಿಗೊಂದು ಕೋಣೆ, ಅವನಿಗೊಂದು ಕೋಣೆ, ನಡುವೆ ಅಡುಗೆಮನೆ. ಎರಡು ವರ್ಷ ಸಲೀಸಾಗಿ ಕಳೆದಿತ್ತು. ಈಗ ಅವಳಿಗೆ ಆಸ್ಪತ್ರೆಯಲ್ಲೇ ಕ್ವಾರ್ಟರ್ಸ್ ಸಿಕ್ಕಿದೆ. ಅವಳು ಸುಮ್ಮನೆ ಎದ್ದುಹೋದರೆ ಒಂಟಿ ಗಂಡಸನ್ನು ಓನರಮ್ಮ ಇಲ್ಲಿರಲು ಬಿಟ್ಟಾಳೆಯೇ? ಅದಕ್ಕೇ ಜಗಳವಾಡಿ ನರ್ಸು ಹೊರಟುಹೋಗುವುದು, ಅವನು ಹೆಂಡತಿ ಬಿಟ್ಟುಹೋದ ಪಾಪದ ಗಂಡನಾಗಿ ಇಲ್ಲೇ ಉಳಿಯುವುದು ಎಂದು ಬೆಳಿಗ್ಗೆ ತೀರ್ಮಾನವಾಗಿತ್ತು. ಯೋಚನೆ ಅವಳದು. ಅವನು ತಲೆಯಾಡಿಸಿ ಅಂಗಡಿಗೆ ಹೋದವನು ಒಂದೇ ಮೆಷಿನ್ನನ್ನು ಬಿಚ್ಚುವುದು, ಜೋಡಿಸುವುದು, ಮತ್ತೆ ಬಿಚ್ಚುವುದು ಇಷ್ಟನ್ನೇ ಮಾಡಿದ್ದ. ಏಕೆಂದು ಮಾತ್ರ ತಿಳಿಯುತ್ತಿರಲಿಲ್ಲ.

“ನಿಮ್ಮಂಥ ಸೋಮಾರೀನ ಕಟ್ಕೊಂಡು ನನ್ನ ಜೀವನ ಹಾಳಾಯ್ತು!” ಅವಳು ಒಪ್ಪಂದದಂತೆ ಕೂಗಿದಳು.

“ನಿನ್ನ ಅಡುಗೆ ತಿಂದು ನನ್ನ ನಾಲಿಗೆ ಕೆಟ್ಟುಹೋಯ್ತು!” ಅವನೂ ಕೂಗಿದ. ಇಲ್ಲಿ ಒಂದು ಪಾತ್ರೆ ಎತ್ತಿಹಾಕಬೇಕಿತ್ತು. ಹಾಕಿದ. ಅದು ಅವಳಿಗೆ ಇಷ್ಟವಾದ ಪಾತ್ರೆಯಲ್ಲ ತಾನೇ ಎಂದು ಬಗ್ಗಿ ನೋಡಿದ.

ಅಷ್ಟರಲ್ಲಿ ಅವಳು ಹಳಿ ತಪ್ಪಿದಳು. “ನಂಗೆ ಜ್ವರ ಬಂದಾಗ ಅಂಗಡಿ ಮುಚ್ಕೊಂಡು ಪಕ್ಕದಲ್ಲಿ ಯಾಕ್ರೀ ಕೂತಿದ್ರಿ? ಹಣೆಗೆ ಒದ್ದೆ ಬಟ್ಟೆ ಹಾಕಿ ಅಂತ ಯಾರು ಕೇಳಿದ್ರು? ನರ್ಸು ನಾನಾ, ನೀವಾ?”

ಇದು ಮಾತಾಡಿಕೊಂಡದ್ದರಲ್ಲಿ ಇರಲಿಲ್ಲ. ಅವನು ತಬ್ಬಿಬ್ಬಾದ. ಇದು ಬೈಗುಳವೋ, ಬೇರೇನೋ? ಸುಮ್ಮನಿದ್ದರೆ ನಾಟಕ ಕೆಡುತ್ತದೆಂದು ಬಾಯಿಗೆ ಬಂದದ್ದನ್ನು ಕೂಗಿಬಿಟ್ಟ: “ನೀನ್ಯಾಕೆ ದಿನಾ ನಾನು ಬರೋ ತನಕ ಊಟ ಮಾಡ್ದೆ ಕಾಯ್ತಿದ್ದೆ? ಅಭ್ಯಾಸ ಮಾಡಿಸಿಬಿಟ್ಟು ಈಗ ಹೋಗ್ತೀನಿ ಅಂದ್ರೆ ನಾನೇನು ಮಾಡ್ಲಿ? ಹೋಗ್ಬೇಡ!”

ಅವಳ ಕಣ್ಣಲ್ಲಿ ನೀರಿತ್ತು. ಅದೂ ನಾಟಕದ್ದೇ ಇರಬೇಕು ಎಂದು ಅವನು ತನಗೆ ತಾನೇ ಹೇಳಿಕೊಂಡ.

ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಓನರಮ್ಮ, ಮೆಟ್ಟಿಲು ಹತ್ತಿದ್ದಕ್ಕೆ ಏದುಸಿರು ಬಿಡುತ್ತಿದ್ದಳು.

“ಸದ್ಯ, ಈಗ ಸಮಾಧಾನ ಆಯ್ತು,” ಎಂದಳು. “ಇಷ್ಟು ದಿನ ಒಂದು ಜಗಳ ಇಲ್ಲ, ಒಂದು ಮುನಿಸಿಲ್ಲ. ಇವರಿಬ್ರೂ ನಿಜವಾಗ್ಲೂ ಗಂಡ ಹೆಂಡ್ತೀನೇನಾ ಅಂತ ಅನುಮಾನ ಬಂದಿತ್ತು ಕಣಮ್ಮಾ. ಇವತ್ತು ಹೋಯ್ತು.” ಪೆಟ್ಟಿಗೆಯನ್ನು ಕಾಲಿನಿಂದ ಒಳಕ್ಕೆ ನೂಕಿ, ಸೊಂಟ ಹಿಡಿದುಕೊಂಡು ಇಳಿದುಹೋದಳು.

ಹಾಕಿದ ಲೆಕ್ಕಾಚಾರವೆಲ್ಲ ತಲೆಕೆಳಗಾಗಿ ಇಬ್ಬರೂ ನಿಂತಲ್ಲೇ ನಿಂತರು. ಒಬ್ಬರ ಮುಖ ಒಬ್ಬರು ನೋಡುವ ಧೈರ್ಯ ಇಬ್ಬರಿಗೂ ಇರಲಿಲ್ಲ.

“ಹೋಗ್ಬೇಡ ಅಂದ್ರಲ್ಲ,” ಅವಳು ಮೆಲ್ಲಗೆ ಕೇಳಿದಳು. “ಅದು ಓನರಮ್ಮಂಗೆ ಕೇಳಿಸ್ಲಿ ಅಂತ ಹೇಳಿದ್ದಾ, ನಂಗೆ ಹೇಳಿದ್ದಾ?”

ಅವನು ತಲೆ ಕೆರೆದುಕೊಂಡ. ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ.

“ಸತ್ಯವಾಗ್ಲೂ ಗೊತ್ತಿಲ್ಲ,” ಎಂದ. “ನೀನು ಹೋದ ಮೇಲೆ ಗೊತ್ತಾಗುತ್ತೆ. ಅದಕ್ಕೇ ಹೋಗ್ಬೇಡ ಅಂತಿರೋದು.”