ಮಡಿಲಕ್ಕಿ

ಬೆಲ್ಲ, ಕೊಬ್ಬರಿಯ ವಾಸನೆ ಒಟ್ಟಿಗೆ ಬಂದರೆ ಈಗಲೂ ನನ್ನ ಕೈ ತಾನಾಗಿಯೇ ತೊಟ್ಟ ಬಟ್ಟೆಯ ಅಂಚನ್ನು ಹಿಡಿದುಕೊಳ್ಳುತ್ತದೆ.

ಅಪ್ಪ, ಅಮ್ಮ ಇಬ್ಬರೂ ಮಾಲ್ಡೀವ್ಸ್‌ನ ಒಂದು ದ್ವೀಪದ ಶಾಲೆಯಲ್ಲಿ ಪಾಠ ಹೇಳುತ್ತಿದ್ದರು. ನಾನೂ ಅಲ್ಲೇ ಓದುತ್ತಿದ್ದೆ. ಚಿಕ್ಕಮ್ಮನ ಮದುವೆಗೆಂದು ಮಧುಗಿರಿಗೆ ಬಂದಿದ್ದೆವು. ಮದುವೆ ಮುಗಿದ ಮಧ್ಯಾಹ್ನ ಅಜ್ಜಿ ಹೆಣ್ಣುಮಕ್ಕಳಿಗೆ ಮಡಿಲು ತುಂಬಲು ಕೂತಳು. ಮೊದಲು ಚಿಕ್ಕಮ್ಮನ ಸೆರಗಿಗೆ ಅಕ್ಕಿ, ಬೆಲ್ಲ, ಕೊಬ್ಬರಿ ಬಟ್ಟಲು ಹಾಕಿದಳು. ಆಮೇಲೆ ಅಮ್ಮನಿಗೆ.

ಸಂಜೆ ನಾವೂ ಹೊರಡಬೇಕಿತ್ತು. ಆದರೆ ಅಮ್ಮ ಜೋಡಿಸಿಟ್ಟ ಸೂಟ್‌ಕೇಸಿನಲ್ಲಿ ನನ್ನ ಬಟ್ಟೆ ಒಂದೂ ಇರಲಿಲ್ಲ. ಅದನ್ನು ಬೆಳಿಗ್ಗೆಯೇ ನೋಡಿದ್ದೆ. ಯಾಕೆ ಎಂದು ಕೇಳಲು ಹೆದರಿಕೆಯಾಗಿತ್ತು. ಎರಡೂ ಕೈಯಲ್ಲಿ ಫ್ರಾಕಿನ ಅಂಚು ಎತ್ತಿ ಹಿಡಿದು ಅಜ್ಜಿಯ ಮುಂದೆ ನಿಂತೆ.

"ನಂಗೂ ಹಾಕಜ್ಜಿ."

ಅಜ್ಜಿ ಅಮ್ಮನ ಮುಖ ನೋಡಿದಳು. ಅಮ್ಮ ತಲೆ ಎತ್ತದೆ ಸೆರಗಿನ ಗಂಟು ಬಿಗಿಯುತ್ತಿದ್ದಳು.

"ಇದು ಊರು ಬುಟ್ಟು ಹೋಗೋರಿಗೆ ಹಾಕೋದು ಕಣಮ್ಮ," ಎಂದ ಅಜ್ಜಿ ನನ್ನ ಬೆರಳು ಬಿಡಿಸಿ, ಫ್ರಾಕನ್ನು ಮೆಲ್ಲಗೆ ಕೆಳಗಿಳಿಸಿದಳು.